ನಾಗರಖಂಡದ ಸೀಮೆಯೂ ಅದರ ಜನರೂ

ಬೆಟ್ಟಗಳೂ ಅಡವಿಗಳೂ ತುಂಬಿದ ಗಡಿನಾಡುಗಳ ವರ್ಣನೆಯನ್ನು ಓದುವಾಗ ನಮ್ಮ ಮನಸ್ಸು ಹಿಮಾಲಯದ ಕಡೆಗೆ ಓಡುವದುಂಟು. ಆದರೆ ಅಂಥ ಸೀಮೆಯೊಂದು ಕನ್ನಡ ದೇಶದ ನಡುವಿನಲ್ಲಿಯೇ ಇರುತ್ತದೆ. ಶಿಕಾರಿಪುರ ತಾಲೂಕಿನ ಉತ್ತರಭಾಗದ ಕಾಡಿನಲ್ಲಿ ಬಂದಳಿಕೆ ಎಂಬ ಸ್ಥಳವುಂಟು. ಪೂರ್ವದಲ್ಲಿ ಇದು ಬಂದಣಿಕೆ ಎನಿಸಿಕೊಂಡು, ಬನವಾಸಿ ನಾಡಿಗೆ ಒಳಪಟ್ಟ ನಾಗರಖಂಡ ಎಪ್ಪತ್ತು ಎಂಬ ಸೀಮೆಗೆ ಮುಖ್ಯ ಪಟ್ಟಣವಾಗಿತ್ತು. ಈಗ ಕಲ್ಲಿನ ಬಸದಿ ದೇವಾಲಯಗಳೂ ಶಾಸನಗಳೂ ಮರಗಳ ನಡುವೆ ನಿಂತಿರುತ್ತವೆ.

ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವದು ಇಲ್ಲಿಯೇ. ಪಡುವಣ ಸಮುದ್ರದಿಂದ ಬರುವ ಮುಂಗಾರಿನ ಮೇಘಗಳು ಘಟ್ಟಕ್ಕೆ ತಾಗಿ ತಮ್ಮ ಭಾರವನ್ನು ಅಲ್ಲಿಯೇ ಇಳಿಸುತ್ತವೆ. ಆದದರಿಂದ ಘಟ್ಟದ ಅಂಚಿನ ಆಗುಂಬೆಯಲ್ಲಿ ವರುಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ಸೊರಬದಲ್ಲಿ ಸುಮಾರು 1,500, ಶಿಕಾರಿಪುರದಲ್ಲಿ ಸುಮಾರು 1,000 ಮಾತ್ರ. ವರದಾ, ದಂಡಾವತಿ, ಕುಮುದ್ವತಿ ಎಂಬ ಹೊಳೆಗಳು ತುಂಗಭದ್ರೆಯ ಕಡೆಗೆ ಹರಿಯುತ್ತವೆ. ಹೀಗೆ ಪಡುವಣ ಸಮುದ್ರದಿಂದ ಬಂದ ನೀರು ಮೂಡಣ ಸಮುದ್ರವನ್ನು ಸೇರುವದು. ಅದು ಸುಮ್ಮನೆ ಹರಿದುಹೋಗದಂತೆ ಹಿರಿಯರು ಹಳ್ಳಿಹಳ್ಳಿಗೂ ಕೆರೆ ಕಟ್ಟಿದರು. ಸೊರಬದ ಭತ್ತದ ಗದ್ದೆಗಳು ಈ ಕೆರೆಗಳ ಮಕ್ಕಳೆಂದರೂ ಸಲ್ಲುವದು.

ಈ ಸೀಮೆಯ ವಿಶೇಷವು ಕಾನುಗಳು. ಎಲೆ ಉದುರುವ ಒಣ ಕಾಡಿನ ಮಧ್ಯದಲ್ಲಿ ವರುಷವೆಲ್ಲಾ ಹಸುರಾಗಿರುವ ದಟ್ಟ ಮರಗಳ ಗುಂಪಿಗೆ ಕಾನು ಎಂದು ಹೆಸರು. ಅಲ್ಲಿ ಬೈನೆಮರವೂ ಕಾಡುಮೆಣಸಿನ ಬಳ್ಳಿಯೂ ಬೆಳೆಯುತ್ತವೆ. ಮಳೆಯ ನೀರು ಇಂಗಿ ನಿಲ್ಲುತ್ತದೆ. 1868ರಲ್ಲಿಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ವಿಷಯವಾಗಿ ವರದಿ ಬರೆದರು. ಊರವರು ಅದಕ್ಕಿಂತ ಎಷ್ಟೋ ಮೊದಲೇ ಅವುಗಳ ಬೆಲೆಯನ್ನು ಬಲ್ಲವರಾಗಿದ್ದರು.

ರಾಜ್ಯಗಳ ಗಡಿಯೂ ಇಲ್ಲಿಯೇ ಹಾದುಹೋಗಿತ್ತು. 1947ಕ್ಕೆ ಮುಂಚೆ ಸೊರಬ ಶಿಕಾರಿಪುರಗಳು ಮೈಸೂರು ಸಂಸ್ಥಾನದಲ್ಲಿಯೂ, ನೆರೆಯ ಬನವಾಸಿ ಹಿರೇಕೆರೂರುಗಳು ಮುಂಬಯಿ ಪ್ರಾಂತದಲ್ಲಿಯೂ ಇದ್ದವು. 1956ನೆಯ ನವಂಬರ 1ರಂದು ಈ ಊರುಗಳೆಲ್ಲಾ ಒಂದೇ ರಾಜ್ಯಕ್ಕೆ ಸೇರಿದವು.

ಇಲ್ಲಿಯ ಜನರು ನಾನಾ ವಿಧದವರು. ದೀವರು ಭತ್ತ ಬೆಳೆಯುವವರು. ಅವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಹಸೆಚಿತ್ತಾರವನ್ನು ಬರೆಯುತ್ತಾರೆ. ಗುಡಿಗಾರರು ಗಂಧದ ಕೊರಡಿನಲ್ಲಿ ಕೆತ್ತನೆ ಮಾಡುವವರು. ಶಿಕಾರಿಪುರದ ಕಡೆ ಲಂಬಾಣಿಗಳ ತಾಂಡೆಗಳು ಬಹಳ. ಸ್ತ್ರೀಯರು ಆಳಿದ್ದೂ ಉಂಟು. ನಾಗರಖಂಡದ ನಾಳ್ಗಾವುಂಡನು ತೀರಿಕೊಂಡಾಗ ರಾಷ್ಟ್ರಕೂಟ ಅರಸನು ಅವನ ಹೆಂಡತಿಯಾದ ಜಕ್ಕಿಯಬ್ಬೆಗೆ ಆ ಅಧಿಕಾರವನ್ನು ಕೊಟ್ಟನು. ಆಕೆ ಸೀಮೆಯನ್ನು ಚೆನ್ನಾಗಿ ಆಳಿ, ರೋಗ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯಲ್ಲಿ ಉಪವಾಸವ್ರತದಿಂದ ಪ್ರಾಣಬಿಟ್ಟಳೆಂದು 918ನೆಯ ವರುಷದ ಶಾಸನವು ತಿಳಿಸುತ್ತದೆ.

ರೋಗದ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತುಬಿದ್ದವು. ಹತ್ತಿರದ ಹಳ್ಳಿಗಳ ಜನರಿಗೆ ಕಠಿಣ ಜ್ವರ ಬಂತು. ಲೋಕದ ವೈದ್ಯರು ಇದನ್ನು ಆ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮವರು ಮಂಗನ ಕಾಯಿಲೆ ಎನ್ನುತ್ತಾರೆ. ಇದರ ವಿಷಾಣುವು ರಷ್ಯಾದ ಅಡವಿಗಳ ಒಂದು ಜ್ವರದ ವಿಷಾಣುವಿಗೆ ನಂಟುಳ್ಳದ್ದು. ಮಂಗನ ಮೇಲೆ ತಪ್ಪು ಹೊರಿಸಬಾರದು. ಅದೂ ನಮ್ಮಂತೆಯೇ ಕಚ್ಚಿಸಿಕೊಂಡು ಸಾಯುವ ಪ್ರಾಣಿ. ರೋಗವನ್ನು ಹರಡುವದು ಉಣ್ಣೆ. ಕಾಡನ್ನು ಕಡಿದು ಅದರ ಅಂಚಿನಲ್ಲಿ ದನಗಳನ್ನು ಮೇಯಿಸಿದಾಗ ಉಣ್ಣೆಗಳು ದನದ ರಕ್ತವನ್ನು ಕುಡಿದು ಹೆಚ್ಚುತ್ತವೆ. ಅವುಗಳ ಮರಿಗಳು ಮಳೆಗಾಲ ಮುಗಿದ ಮೇಲೆ, ವಿಶೇಷವಾಗಿ ದಶಂಬರದಿಂದ ಮೇ ತನಕ, ತರಗೆಲೆಗಳಲ್ಲಿ ಕಾದಿರುತ್ತವೆ. ಕೊಟ್ಟಿಗೆಗೆ ತರಗೆಲೆಯನ್ನೂ ಒಲೆಗೆ ಸೌದೆಯನ್ನೂ ತರಲಿಕ್ಕೆ ನಾವು ಕಾಡಿಗೆ ಹೋಗುವದು ಆ ತಿಂಗಳುಗಳಲ್ಲಿಯೇ.

ಆದಕಾರಣ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಉಟ್ಟು, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಲಿ. ಹಿಂತಿರುಗಿದ ಮೇಲೆ ಬಿಸಿನೀರಿನಲ್ಲಿ ಸ್ನಾನಮಾಡಿ ಬಟ್ಟೆ ಒಗೆಯಲಿ. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ತಟ್ಟನೆ ಜ್ವರ, ತಲೆನೋವು, ಮೈಕೈ ಸೆಳೆತ ಕಾಣಿಸಿದರೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆವೆಂಬದನ್ನು ಹೇಳಬೇಕು. ರೋಗಿಯನ್ನು ಆರೈಕೆ ಮಾಡಲು ಮನೆಯವರು ಅಂಜಬೇಕಾಗಿಲ್ಲ, ಯಾಕಂದರೆ ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ.