ಮನೆಯ ಫ್ರಿಜ್: ವಿದ್ಯುತ್ ಖರ್ಚಿನ ಲೆಕ್ಕ ಮತ್ತು ಮಿತವ್ಯಯದ ಕ್ರಮಗಳು

ಹಾಲು, ಮೊಸರು, ಸೊಪ್ಪು, ಹೂವು ಕೆಡದಂತೆ ಇಡಲು ಈಗ ಹಳ್ಳಿಯ ಮನೆಗಳಲ್ಲಿಯೂ ಫ್ರಿಜ್ ಬಳಕೆಗೆ ಬಂದಿದೆ. ಕೊಳ್ಳುವಾಗ ಕೊಡುವ ಬೆಲೆ ಒಂದು ಸಲದ್ದು. ವಿದ್ಯುತ್ ಖರ್ಚಾದರೋ ಅದು ಮನೆಯಲ್ಲಿರುವಷ್ಟು ಕಾಲವೂ ಬರುವಂಥದ್ದು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿಯನ್ನು ಆಧರಿಸಿ ಉಚಿತ ಯೂನಿಟ್ಟುಗಳನ್ನು ಗೊತ್ತುಪಡಿಸಲಾಯಿತು. ಆ ಮಿತಿಯನ್ನು ಮೀರಿದ ಯೂನಿಟ್ಟುಗಳಿಗೆ ಹಣ ತೆರಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಆದುದರಿಂದ ನಾಲ್ಕಾರು ಯೂನಿಟ್ಟಿನ ಉಳಿತಾಯವೂ ಗಮನಾರ್ಹ.

ಫ್ರಿಜ್ ಕೆಲಸ ಮಾಡುವ ರೀತಿ

ಫ್ರಿಜ್ ತಂಪನ್ನು ಉತ್ಪಾದಿಸುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಹೊರಕ್ಕೆ ಹಾಕುತ್ತದೆ. ಇದನ್ನು ಬಾವಿಯ ಪಂಪಿಗೆ ಹೋಲಿಸಬಹುದು. ನೀರು ಆಳಕ್ಕೆ ಇಳಿದಷ್ಟೂ ಪಂಪಿಗೆ ವಿದ್ಯುತ್ ಹೆಚ್ಚು ಬೇಕು. ಹಾಗೆಯೇ ಒಳಗಿನ ತಂಪಿಗೂ ಅಡುಗೆಮನೆಯ ಬಿಸಿಗೂ ಅಂತರ ಹೆಚ್ಚಿದಷ್ಟೂ ಫ್ರಿಜ್ ಹೆಚ್ಚು ಯೂನಿಟ್ ತಿನ್ನುತ್ತದೆ.

ಖರ್ಚಿನ ಲೆಕ್ಕ

ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಜಾರಿಗೆ ತಂದ ನಕ್ಷತ್ರ ಚೀಟಿಯಲ್ಲಿ ಒಂದು ವರ್ಷಕ್ಕೆ ತಗಲುವ ಯೂನಿಟ್ ಬರೆದಿರುತ್ತದೆ. ಉದಾಹರಣೆಗೆ ಚೀಟಿಯಲ್ಲಿ 180 ಎಂದಿದ್ದರೆ ತಿಂಗಳಿಗೆ 15 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 90 ರೂಪಾಯಿ, ವರ್ಷಕ್ಕೆ 1,080 ರೂಪಾಯಿ. ನಕ್ಷತ್ರಗಳ ಮಟ್ಟವನ್ನು ಆಗಾಗ ಬಿಗಿಗೊಳಿಸುವುದರಿಂದ ಹಳೆಯ ಐದು ನಕ್ಷತ್ರ ಇಂದಿನ ಐದಕ್ಕೆ ಸಮವಲ್ಲ. ಕೊಳ್ಳುವಾಗ ಒಂದೇ ಅಳತೆಯ ಫ್ರಿಜ್‌ಗಳ ಯೂನಿಟ್ ಸಂಖ್ಯೆಯನ್ನು ಹೋಲಿಸಿ ನೋಡಿರಿ.

ಹಳೆಯ ಫ್ರಿಜ್ ಇದ್ದವರು ಮನೆಮಂದಿಯೆಲ್ಲ ಊರಿಗೆ ಹೋಗುವ ದಿನ ಉಳಿದೆಲ್ಲ ಸ್ವಿಚ್ಚುಗಳನ್ನು ಆರಿಸಿ ಮೀಟರಿನ ಅಂಕಿಯನ್ನು ಬರೆದಿಡಿ. ಸರಿಯಾಗಿ 24 ಗಂಟೆಯ ನಂತರ ಮತ್ತೆ ನೋಡಿರಿ. ವ್ಯತ್ಯಾಸವನ್ನು 30ರಿಂದ ಗುಣಿಸಿದರೆ ತಿಂಗಳ ಅಂದಾಜು ಸಿಗುತ್ತದೆ. ಬಾಗಿಲು ತೆಗೆದು ಹಾಕುವ ದಿನಗಳಲ್ಲಿ ಇದು ಇನ್ನೂ ಹೆಚ್ಚು.

ಬಿಸಿ ಹಾಲಿನ ಹೊರೆ

ಕಾಯಿಸಿದ 5 ಲೀಟರ್ ಹಾಲನ್ನು 80 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೇ ಒಳಗಿಟ್ಟರೆ, ಅದು 30 ಡಿಗ್ರಿಗೆ ಇಳಿಯುವಷ್ಟರಲ್ಲಿ ಬಿಡುವ ಶಾಖ ಸುಮಾರು 0.28 ಯೂನಿಟ್ಟಿಗೆ ಸಮ. ಒಂದು ಯೂನಿಟ್ಟಿಗೆ ಒಂದೂವರೆ ಯೂನಿಟ್ ಶಾಖ ಹೊರಹಾಕುವ ಫ್ರಿಜ್ ಇದಕ್ಕೆ ಸುಮಾರು 0.19 ಯೂನಿಟ್ ವ್ಯಯಿಸುತ್ತದೆ. ದಿನವೂ ಹೀಗೆ ಮಾಡಿದರೆ ತಿಂಗಳಿಗೆ 5 ಯೂನಿಟ್ಟಿಗೂ ಮಿಕ್ಕಿ, ಅಂದರೆ ಮೇಲಿನ ಉದಾಹರಣೆಯ 15 ಯೂನಿಟ್ಟಿನ ಮೂರನೆಯ ಒಂದು ಭಾಗ! ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಬೇಗ ಆರಿಸಿ, ನಂತರ ಒಳಗಿಟ್ಟರೆ ಈ ಖರ್ಚು ತಪ್ಪುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಫ್ರಿಜ್ಜನ್ನು ಒಲೆಯ ಪಕ್ಕದಲ್ಲಾಗಲಿ ಬಿಸಿಲು ಬೀಳುವೆಡೆಯಲ್ಲಾಗಲಿ ಇಡಬಾರದು. ಗೋಡೆಯಿಂದ ಸುಮಾರು 10 ಸೆಂ.ಮೀ. ದೂರವಿರಲಿ.

2. ಹಿಂಭಾಗದ ಕೊಳವೆಗಳ ಮೇಲೆ ಧೂಳು, ಬೂದಿ ಕೂತರೆ ಶಾಖ ಹೊರಹೋಗುವುದಿಲ್ಲ. ಪ್ಲಗ್ಗನ್ನು ತೆಗೆದು ಒಣ ಬ್ರಷ್‌ನಿಂದ ಶುಚಿಗೊಳಿಸಿರಿ.

3. ಬಾಗಿಲಿನ ರಬ್ಬರ್ ಪಟ್ಟಿಗೆ ಕಾಗದವೊಂದನ್ನು ಸಿಕ್ಕಿಸಿ ಎಳೆಯಿರಿ. ಸುಲಭವಾಗಿ ಜಾರಿ ಬಂದರೆ ಪಟ್ಟಿ ಸಡಿಲವಾಗಿದೆ, ಬದಲಾಯಿಸಿರಿ.

4. ತಾನಾಗಿ ಮಂಜು ಕರಗದ ಮಾದರಿಗಳಲ್ಲಿ ಮಂಜಿನ ಪದರ ಅರ್ಧ ಸೆಂ.ಮೀ. ದಪ್ಪವಾಗುವ ಮೊದಲೇ ಕರಗಿಸಿರಿ. ಚಾಕುವಿನಿಂದ ಕೆರೆಯಬಾರದು, ಕೊಳವೆ ತೂತಾದೀತು.

5. ಒಳಗೆ 4 ಡಿಗ್ರಿ ಸೆಲ್ಸಿಯಸ್ ತಂಪು ಸಾಕು. ಚಳಿಗಾಲದಲ್ಲಿ ಗುಂಡಿಯನ್ನು ಕಡಿಮೆ ಅಂಕಿಗೆ ತಿರುಗಿಸಿರಿ.

6. ಈರುಳ್ಳಿ, ಆಲೂಗಡ್ಡೆ, ಬಾಳೆಹಣ್ಣು, ಇಡಿಯ ಕುಂಬಳಕಾಯಿಗೆ ಫ್ರಿಜ್ ಬೇಡ. ಗಾಳಿಯಾಡುವ ನೆರಳು ಸಾಕು.

ಇವುಗಳಲ್ಲಿ ರಬ್ಬರ್ ಪಟ್ಟಿಯನ್ನುಳಿದು ಯಾವುದಕ್ಕೂ ಹಣ ಬೇಕಿಲ್ಲ. ಹೊಸ ಫ್ರಿಜ್ ಕೊಳ್ಳುವ ಮುನ್ನ ಇದ್ದುದನ್ನು ಸರಿಯಾದ ಸ್ಥಳದಲ್ಲಿಟ್ಟು, ಒಂದು ತಿಂಗಳು ಈ ಕ್ರಮಗಳನ್ನು ಪಾಲಿಸಿ, ಮೊದಲಿನ ಬಿಲ್ಲಿನೊಡನೆ ಹೋಲಿಸಿ ನೋಡುವುದು ಲಾಭದಾಯಕ.