ಗಾಳಿಯಲ್ಲಿ ಬಂದದ್ದನ್ನು ಎಣಿಸುವುದು: ವೆಲ್ಲಿಂಗ್ಟನ್ನಿನ ಗೋಧಿ ಮತ್ತು ವಿಜ್ಞಾನ ಬೋಧನೆ

ವಿಜ್ಞಾನದ ಪಠ್ಯಗಳಲ್ಲಿ ಸಂಶೋಧನೆಯ ಫಲವು ಸಾಮಾನ್ಯವಾಗಿ ಒಂದು ವಾಕ್ಯದ ರೂಪದಲ್ಲಿ ಬರುತ್ತದೆ. ‘ಗೋಧಿಯ ತುಕ್ಕು ರೋಗವು ಗಾಳಿಯ ಮೂಲಕ ಹರಡುತ್ತದೆ’ ಎಂಬುದು ಅಂಥ ಒಂದು ವಾಕ್ಯ. ವಿದ್ಯಾರ್ಥಿಯು ಅದನ್ನು ಕಂಠಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಬರೆಯುತ್ತಾನೆ, ಅಂಕವನ್ನೂ ಪಡೆಯುತ್ತಾನೆ. ಗಾಳಿಯಲ್ಲಿ ಹಾರುವ ರೋಗವನ್ನು ಕಂಡವರು ಯಾರು, ಅದು ಎಲ್ಲಿಂದ ಹೊರಟಿತು, ಬೇರೆ ದಾರಿಯಿಂದ ಬಂದಿಲ್ಲವೆಂದು ಹೇಗೆ ತಿಳಿಯಿತು ಎಂಬ ಪ್ರಶ್ನೆಗಳು ಮಾತ್ರ ತರಗತಿಯಲ್ಲಿ ಏಳುವುದೇ ಇಲ್ಲ. ಈ ಒಂದು ವಾಕ್ಯದ ಹಿಂದೆ ದಶಕಗಳ ದುಡಿಮೆಯಿದೆ. ಅದರ ಮುಖ್ಯ ಭಾಗವೊಂದು ನಡೆದದ್ದು ನೀಲಗಿರಿಯ ಬೆಟ್ಟಗಳನ್ನು ಕುರಿತು ಎಂಬುದನ್ನು ಈ ಜಿಲ್ಲೆಯ ಮಕ್ಕಳಿಗಾದರೂ ಹೇಳಬೇಕು.

ತುಕ್ಕು ರೋಗಕ್ಕೆ ಕಾರಣವಾದುದು ಪಕ್ಸೀನಿಯ ಎಂಬ ಶಿಲೀಂಧ್ರ. ಗೋಧಿಯನ್ನು ಬಾಧಿಸುವ ತುಕ್ಕು ಮೂರು ಬಗೆ: ಕಾಂಡದ ಮೇಲಿನ ಕಪ್ಪು ತುಕ್ಕು, ಎಲೆಯ ಮೇಲಿನ ಕಂದು ತುಕ್ಕು, ಪಟ್ಟೆಪಟ್ಟೆಯಾಗಿ ಕಾಣುವ ಹಳದಿ ತುಕ್ಕು. ಸೋಂಕಿದ ಎಲೆಯನ್ನು ಬೆರಳಿನಿಂದ ಒರಸಿದರೆ ಕಬ್ಬಿಣದ ತುಕ್ಕಿನಂಥ ಹುಡಿ ಅಂಟುತ್ತದೆ. ಆ ಹುಡಿಯ ಒಂದೊಂದು ಕಣವೂ ಒಂದು ಬೀಜಕ. ಅದರ ಗಾತ್ರ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಇಪ್ಪತ್ತರಿಂದ ಮೂವತ್ತು ಭಾಗದಷ್ಟು. (‘ಬೀಜಕ’ ಎಂಬ ಪದ ಕೇಳಿದೊಡನೆ ಮಕ್ಕಳು ಬೀಜವನ್ನು ನೆನೆಯುತ್ತಾರೆ. ಬೀಜದೊಳಗೆ ಭ್ರೂಣವಿರುತ್ತದೆ, ಬೀಜಕದೊಳಗೆ ಇಲ್ಲ ಎಂಬ ಭೇದವನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.)

ಯೂರೋಪಿನಲ್ಲಿ ಈ ರೋಗದ ಮೂಲವನ್ನು ಬಹುಕಾಲದಿಂದ ಬಾರ್ಬೆರಿ ಎಂಬ ಮುಳ್ಳುಪೊದೆಯೊಂದಿಗೆ ಸಂಬಂಧಿಸಿ ಹೇಳುತ್ತಿದ್ದರು. ಕಪ್ಪು ತುಕ್ಕಿನ ಶಿಲೀಂಧ್ರವು ತನ್ನ ಜೀವನಚಕ್ರದ ಒಂದು ಭಾಗವನ್ನು ಆ ಪೊದೆಯ ಮೇಲೆ ಕಳೆಯುತ್ತದೆ ಎಂಬುದನ್ನು ಜರ್ಮನಿಯ ಡಿ ಬಾರಿ ಅವರು 1865ರಲ್ಲಿ ಪ್ರಯೋಗದಿಂದ ತೋರಿಸಿದರು. ಅಮೆರಿಕದಲ್ಲಿ 1918ರಿಂದ ಬಾರ್ಬೆರಿ ಪೊದೆಗಳನ್ನು ಕಿತ್ತುಹಾಕುವ ದೊಡ್ಡ ಕಾರ್ಯಕ್ರಮವೇ ನಡೆಯಿತು. ಬಾರ್ಬೆರಿ ಹಿಮಾಲಯದಲ್ಲಿಯೂ ಇದೆ, ನೀಲಗಿರಿಯಲ್ಲಿಯೂ ಇದೆ. ಆದುದರಿಂದ ಭಾರತದಲ್ಲಿಯೂ ಕಾರಣ ಅದೇ ಇರಬೇಕೆಂದು ಊಹಿಸುವುದು ಸುಲಭವಾಗಿತ್ತು.

ಆಗ್ರಾ ಕಾಲೇಜಿನ ಕರಮ್ ಚಂದ್ ಮೆಹ್ತಾ ಅವರು ಈ ಊಹೆಯನ್ನು ಒಪ್ಪಿ ಕೂಡಲಿಲ್ಲ. 1920ರ ದಶಕದಿಂದ ಆರಂಭಿಸಿ ಅವರು ಸರಳವಾದೊಂದು ಪ್ರಶ್ನೆಯ ಬೆನ್ನುಹತ್ತಿದರು. ಬಯಲುಸೀಮೆಯಲ್ಲಿ ಗೋಧಿಯ ಕೊಯ್ಲು ಏಪ್ರಿಲ್ ವೇಳೆಗೆ ಮುಗಿಯುತ್ತದೆ. ಮೇ, ಜೂನ್ ತಿಂಗಳ ಬಿಸಿಲಿನಲ್ಲಿ ತುಕ್ಕಿನ ಬೀಜಕಗಳು ಬದುಕಿ ಉಳಿಯಲಾರವು. ಹಾಗಿದ್ದರೂ ಮುಂದಿನ ಚಳಿಗಾಲದ ಪೈರಿನಲ್ಲಿ ರೋಗ ಮತ್ತೆ ಕಾಣಿಸುತ್ತದೆ. ನಡುವಿನ ತಿಂಗಳುಗಳಲ್ಲಿ ಅದು ಎಲ್ಲಿರುತ್ತದೆ?

ಉತ್ತರಕ್ಕಾಗಿ ಅವರು ಬೆಟ್ಟಗಳತ್ತ ನೋಡಿದರು. ಬೆಟ್ಟದ ತಂಪಿನಲ್ಲಿ ತಾನಾಗಿ ಮೊಳೆತ ಗಿಡಗಳ ಮೇಲೆಯೂ ಅಕಾಲದ ಪೈರುಗಳ ಮೇಲೆಯೂ ತುಕ್ಕು ಬೇಸಗೆಯನ್ನು ದಾಟಿ ಉಳಿಯುತ್ತಿತ್ತು. ನೀಲಗಿರಿ ಮತ್ತು ಪಳನಿ ಬೆಟ್ಟಗಳ ಸಂಗತಿಯಂತೂ ಇನ್ನೂ ಸ್ಪಷ್ಟ. ಆಲೂಗಡ್ಡೆಯೂ ಚಹವೂ ಇಲ್ಲಿ ಹರಡುವ ಮೊದಲು ಬಡಗರ ಹೊಲಗಳಲ್ಲಿ ಸಾಮೆ, ರಾಗಿಗಳ ಜೊತೆಗೆ ಗೋಧಿ, ಬಾರ್ಲಿಗಳೂ ಇದ್ದವು. ಇಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಗೋಧಿ ಬೆಳೆಯುತ್ತಿದ್ದುದರಿಂದ ಹಸಿರು ಪೈರು ಸದಾ ಇರುತ್ತಿತ್ತು. ರೋಗಕ್ಕೆ ಬಿಡುವೇ ಇರಲಿಲ್ಲ. ಮೆಹ್ತಾ ಅವರು ಜಿಡ್ಡು ಸವರಿದ ಗಾಜಿನ ಪಟ್ಟಿಗಳನ್ನು ಗಾಳಿಗೆ ಒಡ್ಡಿ, ಅಂಟಿಕೊಂಡ ಬೀಜಕಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಿದರು. ಬೀಜಕ ಸಿಕ್ಕ ದಿನಾಂಕವನ್ನೂ ಹೊಲದಲ್ಲಿ ರೋಗ ಕಂಡ ದಿನಾಂಕವನ್ನೂ ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರು. ಭಾರತದಲ್ಲಿ ವರ್ಷವರ್ಷವೂ ರೋಗ ಮರುಕಳಿಸುವುದಕ್ಕೆ ಬಾರ್ಬೆರಿ ಕಾರಣವಲ್ಲ, ಬೆಟ್ಟಗಳಿಂದ ಗಾಳಿಯಲ್ಲಿ ಇಳಿದುಬರುವ ಬೀಜಕಗಳೇ ಕಾರಣ ಎಂಬುದು ಅವರ ತೀರ್ಮಾನ. ಅವರ ಪ್ರಬಂಧದ ಮೊದಲ ಭಾಗ 1940ರಲ್ಲಿ ಪ್ರಕಟವಾಯಿತು. 1950ರಲ್ಲಿ ಅವರು ತೀರಿಕೊಂಡರು.

ಇದು ಬರಿಯ ಕುತೂಹಲದ ವಿಷಯವಾಗಿರಲಿಲ್ಲ. 1946–47ರ ಹಂಗಾಮಿನಲ್ಲಿ ಮಧ್ಯಭಾರತದ ಗೋಧಿಯನ್ನು ಕಪ್ಪು ತುಕ್ಕು ಹಾಳುಗೆಡವಿತು. ಬಂಗಾಳದ ಕ್ಷಾಮ ಕಳೆದು ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ಮೆಹ್ತಾ ಅವರು ಸೂಚಿಸಿದ ಪರಿಹಾರಗಳಲ್ಲಿ ಒಂದು, ಬೆಟ್ಟಗಳಲ್ಲಿ ಅಕಾಲದ ಗೋಧಿ ಬಿತ್ತನೆಯನ್ನು ನಿಲ್ಲಿಸಿ ಸರಪಳಿಯನ್ನು ಕಡಿಯುವುದು. ಇಲ್ಲಿ ಶಿಕ್ಷಕರು ತುಸು ನಿಲ್ಲಬೇಕು. ಬಯಲಿನ ಪೈರು ಉಳಿಯಲೆಂದು ಬೆಟ್ಟದ ಒಕ್ಕಲಿಗನು ತನ್ನ ಪೈರನ್ನು ಬಿಡಬೇಕೆ? ಬಿಟ್ಟರೆ ಆತನ ನಷ್ಟವನ್ನು ತುಂಬುವವರು ಯಾರು? ಸಂಶೋಧನೆಯು ರೋಗದ ದಾರಿಯನ್ನು ತೋರಿಸಿತು. ಈ ಪ್ರಶ್ನೆಗೆ ಅದೊಂದೇ ಉತ್ತರ ಕೊಡಲಾರದು. ಒಂಬತ್ತನೆಯ ತರಗತಿಯ ಮಕ್ಕಳು ಇದನ್ನು ಚೆನ್ನಾಗಿಯೇ ಚರ್ಚಿಸಬಲ್ಲರು, ವಿಶೇಷವಾಗಿ ಹೊಲವುಳ್ಳ ಮನೆಗಳಿಂದ ಬಂದವರು.

ಮೆಹ್ತಾ ಅವರ ತೀರ್ಮಾನವೂ ಹಾಗೆಯೇ ಉಳಿಯಲಿಲ್ಲ. ಕಪ್ಪು ತುಕ್ಕು ಉತ್ತರದ ಬೆಟ್ಟಗಳಿಂದಲೂ ದಕ್ಷಿಣದ ಬೆಟ್ಟಗಳಿಂದಲೂ ಬರುತ್ತದೆಂದು ಅವರು ಭಾವಿಸಿದ್ದರು. 1970ರ ದಶಕದಲ್ಲಿ ಎಸ್. ನಾಗರಾಜನ್ ಮತ್ತು ಅವರ ಸಂಗಡಿಗರು ಮಳೆನೀರಿನಲ್ಲಿ ಇಳಿದ ಬೀಜಕಗಳನ್ನೂ ಗಾಳಿಯ ಪಥಗಳನ್ನೂ ಉಪಗ್ರಹವು ತೆಗೆದ ಮೋಡಗಳ ಚಿತ್ರಗಳನ್ನೂ ಕೂಡಿಸಿ ಪರಿಶೀಲಿಸಿದರು. ಕಪ್ಪು ತುಕ್ಕಿನ ಮುಖ್ಯ ನೆಲೆ ನೀಲಗಿರಿ ಮತ್ತು ಪಳನಿ ಬೆಟ್ಟಗಳೇ ಎಂದು ಇದರಿಂದ ಸ್ಪಷ್ಟವಾಯಿತು. ನವೆಂಬರಿನ ಸುಮಾರಿಗೆ ಬಂಗಾಳ ಕೊಲ್ಲಿಯ ಚಂಡಮಾರುತಗಳು ದಕ್ಷಿಣದ ಗಾಳಿಯನ್ನು ಮಧ್ಯಭಾರತದತ್ತ ಸೆಳೆಯುತ್ತವೆ. ಬೀಜಕಗಳು ಸಾವಿರ ಕಿಲೋಮೀಟರಿಗೂ ಮಿಕ್ಕಿ ಸಾಗಿ ಅಲ್ಲಿನ ಮಳೆಯೊಂದಿಗೆ ಎಳೆಯ ಪೈರಿನ ಮೇಲೆ ಇಳಿಯುತ್ತವೆ. ಹಳದಿ ತುಕ್ಕಿನ ನೆಲೆ ಹಿಮಾಲಯ; ಕಂದು ತುಕ್ಕು ಎರಡೂ ಕಡೆಯಿಂದ ಬರುತ್ತದೆ. ಹಿಂದಿನವರದು ತಪ್ಪು, ಇಂದಿನವರದು ಸರಿ ಎಂದು ಇದನ್ನು ಪಾಠ ಮಾಡಬಾರದು. ಮೆಹ್ತಾ ಅವರ ಕಾಲಕ್ಕೆ ಉಪಗ್ರಹವಿರಲಿಲ್ಲ. ಅವರು ಕೇಳಿದ ಪ್ರಶ್ನೆ ಸರಿಯಾಗಿದ್ದುದರಿಂದಲೇ ಉಪಗ್ರಹದ ಚಿತ್ರವು ಮುಂದೆ ಉಪಯೋಗಕ್ಕೆ ಬಂತು.

ಯಾವ ಹವೆಯಿಂದ ನೀಲಗಿರಿಯು ರೋಗದ ತವರಾಯಿತೋ ಅದೇ ಹವೆಯಿಂದ ವೆಲ್ಲಿಂಗ್ಟನ್ ಪರಿಹಾರದ ತವರೂ ಆಯಿತು. ದಂಡುಪ್ರದೇಶವೆಂದೇ ಹೆಸರಾದ ಈ ಊರಿನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ತುಕ್ಕು ಇಲ್ಲಿ ತಾನಾಗಿಯೇ ಬರುವುದರಿಂದ ರೋಗವನ್ನು ತಡೆಯಬಲ್ಲ ತಳಿ ಯಾವುದು, ಸೋಲುವ ತಳಿ ಯಾವುದು ಎಂಬುದನ್ನು ಹೊಲವೇ ಹೇಳಿಬಿಡುತ್ತದೆ. ಉತ್ತರದ ಬಯಲಿನಲ್ಲಿ ಕೊಯ್ಲಾದ ಬೀಜವನ್ನು ಬೇಸಗೆಯಲ್ಲಿ ಇಲ್ಲಿ ಬಿತ್ತಿ, ಅಲ್ಲಿನ ಮುಂದಿನ ಬಿತ್ತನೆಯ ವೇಳೆಗೆ ಹಿಂದಕ್ಕೆ ಕಳುಹಿಸಿದರೆ ಒಂದೇ ವರ್ಷದಲ್ಲಿ ಎರಡು ಪೀಳಿಗೆಗಳು ದೊರೆಯುತ್ತವೆ. ಮೆಕ್ಸಿಕೋದಲ್ಲಿ ನಾರ್ಮನ್ ಬೋರ್ಲಾಗ್ ಅವರು ಮಾಡಿದ್ದೂ ಇಂಥದೇ ಕೆಲಸ.

ಕರ್ನಾಟಕದ ಶಿಕ್ಷಕರಿಗೆ ಪರಿಚಿತವಾದ ಎಳೆಯೊಂದು ಇಲ್ಲಿದೆ. ಧಾರವಾಡ, ಬೆಳಗಾವಿಯ ಕಡೆ ಜವೆಗೋಧಿ, ಸದಕ, ಕಪ್ಲಿ ಎಂದು ಕರೆಯುವ ಗೋಧಿಯನ್ನು ತಮಿಳುನಾಡಿನಲ್ಲಿ ಸಾಂಬಾ ಗೋಧಿ ಎನ್ನುತ್ತಾರೆ. ತುಕ್ಕಿನ ಬಗೆಗಳನ್ನು ಬೇರ್ಪಡಿಸಿ ಗುರುತಿಸಲು ಅಮೆರಿಕದ ಮಿನ್ನೆಸೋಟದಲ್ಲಿ ಸ್ಟೇಕ್‌ಮನ್ ಅವರು ಆರಿಸಿದ ಹನ್ನೆರಡು ಗೋಧಿಗಳಲ್ಲಿ ‘ಕಪ್ಲಿ’ ಒಂದು. ಬೋರ್ಲಾಗ್ ಅವರ ಗುರು ಇದೇ ಸ್ಟೇಕ್‌ಮನ್. ವೆಲ್ಲಿಂಗ್ಟನ್ ಕೇಂದ್ರವೂ ಈಚೆಗೆ ‘ನೀಲಗಿರಿ ಕಪ್ಲಿ’ ಎಂಬ ತಳಿಯನ್ನು ಹೊರತಂದಿದೆ. ದಖ್ಖನದ ಹೊಲದ ಕಾಳೊಂದು ಮಿನ್ನೆಸೋಟದ ಪ್ರಯೋಗಾಲಯದಲ್ಲಿ ಅಳತೆಗೋಲಾದ ಸಂಗತಿಯು ನಕಾಶೆಯ ಮುಂದೆ ನಿಂತು ಹೇಳುವಂಥದು.

ಭೌತವಿಜ್ಞಾನದ ಪಾಠಕ್ಕೂ ಇದೇ ಬೆಟ್ಟದಲ್ಲಿ ಜೊತೆಯ ಉದಾಹರಣೆ ದೊರೆಯುತ್ತದೆ. ಉದಕಮಂಡಲದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ‘ಗ್ರೇಪ್ಸ್-3’ ಪ್ರಯೋಗವು ಆಕಾಶದಿಂದ ಬೀಳುವ ಮ್ಯೂಆನ್ ಎಂಬ ಕಣಗಳನ್ನು ಹಗಲಿರುಳೂ ಎಣಿಸುತ್ತದೆ. 2014ರ ಡಿಸೆಂಬರ್ 1ರಂದು ಗುಡುಗುಮೋಡವೊಂದು ಮೇಲೆ ಹಾದಾಗ ಸುಮಾರು 18 ನಿಮಿಷಗಳ ಕಾಲ ಈ ಎಣಿಕೆಯು ಶೇಕಡಾ 2ರಷ್ಟು ತಗ್ಗಿತು. ವಿದ್ಯುದಂಶವುಳ್ಳ ಕಣವಾದುದರಿಂದ ಮೋಡದ ವಿದ್ಯುತ್ ಕ್ಷೇತ್ರವು ಮ್ಯೂಆನಿನ ಶಕ್ತಿಯನ್ನು ಬದಲಿಸುತ್ತದೆ. ಆ ಶೇಕಡಾ 2ರಿಂದ ಹಿಂದಕ್ಕೆ ಲೆಕ್ಕ ಹಾಕಿ, ಮೋಡದೊಳಗಿನ ವಿಭವಾಂತರ ಸುಮಾರು 130 ಕೋಟಿ ವೋಲ್ಟ್ ಎಂದು ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಬಲೂನುಗಳ ಮೂಲಕ ಅದುವರೆಗೆ ಅಳೆದಿದ್ದ ಗರಿಷ್ಠ ಮೌಲ್ಯದ ಸುಮಾರು ಹತ್ತು ಪಟ್ಟು ಇದು. ನೂರು ಕೋಟಿ ವೋಲ್ಟಿನ ಪ್ರಮಾಣದ ವಿಭವಾಂತರ ಮೋಡಗಳಲ್ಲಿ ಇರಬಹುದೆಂದು ಸಿ.ಟಿ.ಆರ್. ವಿಲ್ಸನ್ ಅವರು 1920ರ ದಶಕದಲ್ಲಿಯೇ ಊಹಿಸಿದ್ದರು. ಮೋಡಕ್ಕೆ ಯಾರೂ ತಂತಿ ಕಟ್ಟಲಿಲ್ಲ. ಎಣಿಸಿದ್ದು ಕಣಗಳನ್ನು, ತಿಳಿದದ್ದು ವೋಲ್ಟುಗಳನ್ನು. ಎಣಿಸಿದ್ದಕ್ಕೂ ತಿಳಿದದ್ದಕ್ಕೂ ನಡುವೆ ಇರುವ ತರ್ಕದ ಮೆಟ್ಟಿಲುಗಳನ್ನು ಕಪ್ಪುಹಲಗೆಯ ಮೇಲೆ ಬರೆಸಬೇಕು. ಗೋಧಿಯ ಪಾಠದಲ್ಲಿಯೂ ಹಾಗೆಯೇ ಎರಡು ಕಲಮುಗಳು ಇರಲಿ: ಕಂಡದ್ದು, ಕಂಡದ್ದರಿಂದ ತಿಳಿದದ್ದು. ‘ಮಳೆನೀರಿನಲ್ಲಿ ಬೀಜಕ ಸಿಕ್ಕಿತು’ ಎಂಬುದು ಮೊದಲನೆಯ ಕಲಮಿಗೆ, ‘ಅದು ನೀಲಗಿರಿಯಿಂದ ಬಂದಿತು’ ಎಂಬುದು ಎರಡನೆಯದಕ್ಕೆ. ಮಕ್ಕಳು ಮೊದಮೊದಲು ಎರಡನ್ನೂ ಬೆರೆಸಿ ಬರೆಯುತ್ತಾರೆ; ತಿದ್ದುವಾಗ ಶಿಕ್ಷಕರು ಇದನ್ನು ವಿಶೇಷವಾಗಿ ನೋಡಬೇಕು.

ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಪ್ರಯೋಗಕ್ಕೆ ಹೆಚ್ಚೇನೂ ಬೇಡ. ಕೈಮಸೂರವೊಂದೇ ಸಾಲದು, ಬೀಜಕಗಳು ಅದಕ್ಕೆ ಕಾಣುವುದಿಲ್ಲ. ಗೂಡಲೂರು, ಕೂನೂರು ಇಳಿಜಾರುಗಳ ಕಾಫಿ ಎಲೆಯ ತಳಭಾಗದಲ್ಲಿ ಕಿತ್ತಳೆ ಬಣ್ಣದ ತುಕ್ಕು ಸಿಗುತ್ತದೆ. ಕಾಫಿ ಸಿಗದ ಊರುಗಳಲ್ಲಿ ಹುರುಳಿಕಾಯಿ ಗಿಡದ ಎಲೆಯಲ್ಲಿ ಹುಡುಕಬಹುದು. ಆ ಹುಡಿಯನ್ನು ಮೊದಲು ತೋರಿಸಿ, ಬೀಜಕದ ಆಕಾರವನ್ನು ಮಕ್ಕಳಿಂದಲೇ ಬಿಡಿಸಬೇಕು. ಬಳಿಕ ವ್ಯಾಸಲೀನ್ ತೆಳುವಾಗಿ ಸವರಿದ ಎರಡು ಗಾಜಿನ ಪಟ್ಟಿಗಳಲ್ಲಿ ಒಂದನ್ನು ಗಿಡಗಳ ಬಳಿ ತೆರೆದಿಟ್ಟು, ಇನ್ನೊಂದನ್ನು ಅಲ್ಲಿಯೇ ಮುಚ್ಚಿಡಬೇಕು. ಮುಚ್ಚಿಟ್ಟದ್ದು ಏಕೆ ಬೇಕೆಂದು ಶಿಕ್ಷಕರು ಹೇಳದೆ ಮಕ್ಕಳಿಂದ ಹೇಳಿಸಬೇಕು. ಧೂಳು, ಪರಾಗ, ಕೀಟದ ರೆಕ್ಕೆಯ ಚೂರು ಎಲ್ಲವೂ ಅಂಟುತ್ತವೆ. ಬೀಜಕ ಒಂದೂ ಸಿಗದ ದಿನವೂ ಇರುತ್ತದೆ. ಆ ದಿನದ ಸಾಲಿನಲ್ಲಿ ಸೊನ್ನೆಯನ್ನೇ ಬರೆಯಿಸಬೇಕು, ಖಾಲಿ ಬಿಡಿಸಬಾರದು. ದಿನಾಂಕ, ಗಾಳಿಯ ದಿಕ್ಕು, ಮಳೆ ಬಂದಿತೇ ಇಲ್ಲವೇ ಎಂಬ ಮೂರು ವಿವರಗಳು ಎಣಿಕೆಯ ಪಕ್ಕದಲ್ಲಿರಲಿ. ಅಕ್ಟೋಬರಿನಲ್ಲಿ ಆರಂಭಿಸಿದರೆ ನವೆಂಬರಿನ ಮಳೆಯ ದಿನಗಳೂ ಪಟ್ಟಿಯಲ್ಲಿ ಸೇರುತ್ತವೆ.