ಕೊನೆಯ ಕಂತು ಕಟ್ಟಿದ ಮೇಲೆ

ಕಳೆದ ನವೆಂಬರ್ 5ರಂದು ನನ್ನ ಸಾಲದ ಕೊನೆಯ ಕಂತು 11,828 ರೂಪಾಯಿ ಖಾತೆಯಿಂದ ಕಡಿತವಾಯಿತು. ಮೆಸೇಜನ್ನು ಹೆಂಡತಿಗೆ ತೋರಿಸಿದೆ. ಅವಳು ಏನೂ ಹೇಳದೆ ಹೋಗಿ ದೇವರಿಗೆ ದೀಪ ಹಚ್ಚಿದಳು. ಆನ್‌ಲೈನ್ ರಮ್ಮಿಗಾಗಿ ಮಾಡಿದ ಸಾಲ ತೀರಲು ನಾಲ್ಕು ವರ್ಷ ಹಿಡಿದಿತ್ತು. ಆ ಭಾನುವಾರ ನಾನು ಸಭೆಗೆ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಮನಸ್ಸು.

ಸಭೆ ಎಂದರೆ ಜೂಜು ಬಿಟ್ಟವರು, ಬಿಡಲು ಹೆಣಗುತ್ತಿರುವವರು ವಾರಕ್ಕೊಮ್ಮೆ ಸೇರುವ ಕೂಟ. 1957ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಗ್ಯಾಂಬ್ಲರ್ಸ್ ಅನಾನಿಮಸ್ ತೋರಿಸಿದ ದಾರಿ ಇದು. ಶುಲ್ಕವಿಲ್ಲ, ಪೂರ್ತಿ ಹೆಸರು ಯಾರೂ ಕೇಳುವುದಿಲ್ಲ. ಬಿಡಬೇಕೆಂಬ ಆಸೆಯಿದ್ದರೆ ಸಾಕು. ಹೊಸಬರನ್ನು ಹಳಬರು ಕೂರಿಸಿಕೊಂಡು ಅವರ ಸಾಲವನ್ನೆಲ್ಲ ಒಂದು ಹಾಳೆಯಲ್ಲಿ ಬರೆಸುತ್ತಾರೆ. ನನ್ನ ಹಾಳೆಯಲ್ಲಿ ಹೆಂಡತಿಗೆ ಗೊತ್ತಿಲ್ಲದ ಎರಡು ಬಾಬತ್ತುಗಳಿದ್ದವು: ಭಾವನಿಂದ ಪಡೆದ ಕೈಸಾಲ, ಗಿರವಿ ಇಟ್ಟ ಅವಳದೇ ಬಳೆ. ಗುಂಪಿನ ಹಿರಿಯರಾದ ನಿವೃತ್ತ ಮೇಷ್ಟ್ರೊಬ್ಬರು ಬಳೆಯ ಸಾಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, "ಇದು ಮೊದ್ಲು ಮನೆಗೆ ಬರ್ಲಿ" ಎಂದಿದ್ದರು. ಅಂದಿನಿಂದ ನನ್ನ ಸಂಬಳ ಹೆಂಡತಿಯ ಖಾತೆಗೆ ಹೋಗುತ್ತಿತ್ತು. ಕಂತಿನಷ್ಟು ಹಣ ಮಾತ್ರ ನನ್ನ ಖಾತೆಯಲ್ಲಿ.

ಡಿಸೆಂಬರ್ 5 ಬಂತು. ಆ ಹಣ ಮೊದಲ ಬಾರಿಗೆ ಖಾತೆಯಲ್ಲೇ ಉಳಿಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲೇ ಸಂಸತ್ತು ಅಂಗೀಕರಿಸಿತ್ತು. ಆದರೂ ಗೊತ್ತಿಲ್ಲದ ನಂಬರಿನಿಂದ ಒಂದು ಲಿಂಕ್ ಬಂತು. ಐನೂರಷ್ಟೇ, ನೋಡೋಣ ಎಂದುಕೊಂಡೆ. ಬಸ್ ನಿಲ್ದಾಣದಲ್ಲಿ ಫೋನ್ ಹಿಡಿದು ನಿಂತಾಗ ಅಂಗೈ ಬೆವರುತ್ತಿತ್ತು. ಆ ಬೆವರಿನ ಗುರುತು ನನಗಿದೆ. ಮೇಷ್ಟ್ರಿಗೆ ಫೋನ್ ಮಾಡಿದೆ.

ಸಭೆಗೆ ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. "ಕೈಯಲ್ಲಿ ಎಷ್ಟಿದೆ?" ಎಂದರು.

"ಹನ್ನೊಂದು ಸಾವಿರ, ಸರ್."

"ಈಗ್ಲೇ ಮನೆಯವರಿಗೆ ಕಳ್ಸಪ್ಪ. ನಾನು ಲೈನಲ್ಲೇ ಇರ್ತೀನಿ."

ಜೂಜಿನ ರುಚಿ ಕಂಡವರಿಗಷ್ಟೇ ಆ ಪ್ರಶ್ನೆ ಮೊದಲು ಹೊಳೆಯುತ್ತದೆ. ಕೈಯಲ್ಲಿ ಉಳಿದದ್ದೇ ಅಪಾಯ ಎಂಬುದು ಮಹಾಭಾರತದಲ್ಲೂ ಇದೆ. ಧರ್ಮರಾಯ ಎಲ್ಲವನ್ನೂ ಸೋತ ಮೇಲೆ ಧೃತರಾಷ್ಟ್ರ ರಾಜ್ಯವನ್ನು ಹಿಂದಿರುಗಿಸಿದ್ದ. ಕಾಡಿಗೆ ಹೋಗುವಂತಾದದ್ದು, ಹೋದದ್ದು ಕೈಸೇರಿದ ಮೇಲೂ ಮತ್ತೆ ಪಗಡೆಗೆ ಕುಳಿತದ್ದರಿಂದ. ಕಾಡಿನಲ್ಲಿ ಅವನ ಸಂಕಟಕ್ಕೆ ಬೃಹದಶ್ವ ಮುನಿ ಕೊಟ್ಟ ಸಮಾಧಾನ ನಳನ ಕಥೆ, ಜೂಜಿನಲ್ಲಿ ರಾಜ್ಯ ಕಳೆದುಕೊಂಡ ಇನ್ನೊಬ್ಬನ ಕಥೆ. ನಮ್ಮ ಭಾನುವಾರಗಳಲ್ಲಿ ನಡೆಯುವುದೂ ಅದೇ.

ಸಾಲ ತೀರಿಸುತ್ತಿರುವವರಿಗೆ ನನ್ನ ಮಾತು ಇಷ್ಟು. ಕೊನೆಯ ಕಂತಿಗೆ ಮೂರು ತಿಂಗಳು ಇರುವಾಗಲೇ ಆ ಹಣ ಮುಂದೆ ಎಲ್ಲಿಗೆ ಹೋಗಬೇಕೆಂದು ಮನೆಯವರೊಂದಿಗೆ ಕುಳಿತು ನಿಶ್ಚಯಿಸಿ. ಅದೇ ತಾರೀಖಿಗೆ ಮನೆಯವರ ಹೆಸರಿನ ಆರ್‌ಡಿಗೆ ಕಡಿತವಾಗುವಂತೆ ಮಾಡಿ. ಬೋನಸ್, ಅರಿಯರ್ಸ್, ಆಸ್ತಿಯ ಪಾಲು ಬರುವುದಿದ್ದರೆ ಅದು ಕೈಸೇರುವ ಮುಂಚೆ ಗುಂಪಿನಲ್ಲಿ ಹೇಳಿ. ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಯಾರಿಗಾದರೂ ತೋರಿಸಿ. ಗುಂಪು ಇನ್ನೂ ಸಿಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ.

ಹೋದ ಭಾನುವಾರ ಹೊಸ ಹುಡುಗನೊಬ್ಬ ಬಂದಿದ್ದ. ಹಾಳೆಯಲ್ಲಿ ನಾಲ್ಕು ಸಾಲು ಬರೆದು ಐದನೆಯದಕ್ಕೆ ತಡೆದು ಕುಳಿತ. ಮೇಷ್ಟ್ರು ಕೆಂಪು ಪೆನ್ನನ್ನು ನನ್ನ ಕಡೆ ಸರಿಸಿದರು. ನಾನು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕುಳಿತೆ.